ಹನ್ನೆರಡು ಎಲೆಯ ಹಂತಿ

ಅರಂತೋಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಬೂಸ್ಟು ಹಿಡಿಯದ ವಸ್ತುಗಳು ಎರಡೇ: ಉಪ್ಪು ಮತ್ತು ಸಾಲ. ಉಪ್ಪು ನೀರಾಗಿ ತಪ್ಪಿಸಿಕೊಳ್ಳುತ್ತದೆ. ಸಾಲ ಬೆಳೆಯುತ್ತಲೇ ಇರುವುದರಿಂದ ಬೂಸ್ಟಿಗೆ ಕೂರಲು ಪುರುಸೊತ್ತು ಸಿಗುವುದಿಲ್ಲ. ಉಳಿದಂತೆ ಚಪ್ಪಲಿ, ಬೆಲ್ಟು, ಮದುವೆಯ ಕೋಟು, ಡಿಗ್ರಿ ಸರ್ಟಿಫಿಕೇಟು ಯಾವುದಕ್ಕೂ ವಿನಾಯಿತಿ ಇಲ್ಲ. ಸುಳ್ಯದಿಂದ ಮಡಿಕೇರಿಗೆ ಹೋಗುವ ಹೆದ್ದಾರಿಯಲ್ಲಿ, ಸಂಪಾಜೆ ಘಾಟಿ ಹತ್ತುವ ಮೊದಲು, ಪಯಸ್ವಿನಿ ಹೊಳೆಯ ಮಗ್ಗುಲಲ್ಲಿರುವ ಊರು ನಮ್ಮದು. ಕೊಡಗಿನ ಬೆಟ್ಟದಲ್ಲಿ ಬಿದ್ದ ಮಳೆ ಹೊಳೆಯಲ್ಲಿ ಬರುತ್ತದೆ, ನಮ್ಮ ಪಾಲಿನದು ನೇರ ಮೇಲಿನಿಂದಲೇ ಬರುತ್ತದೆ. ನಾಲ್ಕು ತಿಂಗಳು ಒಗೆದ ಬಟ್ಟೆ ಒಣಗುವುದಿಲ್ಲ. ಒಣಗಿತು ಎಂದು ನಾವು ಒಪ್ಪಿಕೊಳ್ಳುತ್ತೇವೆ, ಅಷ್ಟೆ.

ಕ್ಯಾಮರಾದ ಲೆನ್ಸಿಗೂ ಬೂಸ್ಟು ಹಿಡಿಯುತ್ತದೆ ಎಂದರೆ ಬಯಲುಸೀಮೆಯ ಸ್ನೇಹಿತರು ನಂಬುವುದಿಲ್ಲ. ಗಾಜಿಗೆ ಎಂಥ ಬೂಸ್ಟು ಎಂದು ನಗುತ್ತಾರೆ. ಹಿಡಿಯುತ್ತದೆ ಮಾರಾಯ್ರೇ. ಲೆನ್ಸಿನ ಒಳಮೈಯಲ್ಲಿ ಜೇಡರ ಬಲೆಯ ಹಾಗೆ ಸಣ್ಣ ಸಣ್ಣ ಬೇರು ಬಿಟ್ಟುಕೊಂಡು ಹರಡುತ್ತದೆ. ಗಮನಿಸದೆ ಬಿಟ್ಟರೆ ಗಾಜಿನ ಮೇಲಿನ ಲೇಪವನ್ನೇ ತಿಂದು ಕಲೆ ಉಳಿಸಿ ಹೋಗುತ್ತದೆ. ಅಡಿಕೆಗೆ ಕೊಳೆರೋಗ ಬಂದರೆ ಮೈಲುತುತ್ತು, ಸುಣ್ಣ ಕಲಸಿ ಮದ್ದು ಬಿಡಬಹುದು. ಲೆನ್ಸಿಗೆ ಬೋರ್ಡೋ ದ್ರಾವಣ ಬಿಡಲಿಕ್ಕೆ ಆಗುತ್ತದೆಯೇ?

ಇದಕ್ಕೆ ಪರಿಹಾರ ಕಂಡುಹಿಡಿದದ್ದು ನಮ್ಮ ಅಜ್ಜಿ. ಮಳೆಗಾಲ ಶುರುವಾಗುವ ಮೊದಲೇ ದೊಡ್ಡಪ್ಪನ ಕ್ಯಾಮರಾವನ್ನು ಒಂದು ಬಟ್ಟೆಯಲ್ಲಿ ಸುತ್ತಿ ಒಲೆಯ ಮೇಲಿನ ಅಟ್ಟಕ್ಕೆ ಏರಿಸಿಬಿಡುತ್ತಿದ್ದರು. ಬಿತ್ತಲು ಇಟ್ಟ ಸೌತೆ ಬೀಜ, ಒಣಗಿದ ಪುನರ್ಪುಳಿ ಸಿಪ್ಪೆ, ಹಲಸಿನ ಹಪ್ಪಳದ ಡಬ್ಬಿ, ಅದರ ಪಕ್ಕ ಜಪಾನಿನ ಯಾಶಿಕಾ. ಕ್ಯಾಮರಾ ಎಂದರೆ ಅಜ್ಜಿಗೆ ಅಷ್ಟು ಗೌರವ ಇರಲಿಲ್ಲ. ಆದರೆ ಅದರ ಪೂರ್ತಿ ಹೆಸರು ಯಾಶಿಕಾ ಮ್ಯಾಟ್ 124ಜಿ ಎಂದೂ, ಕೊನೆಯ ‘ಜಿ’ ಎಂದರೆ ಗೋಲ್ಡ್ ಎಂದೂ ದೊಡ್ಡಪ್ಪ ಒಮ್ಮೆ ಬಾಯಿ ಜಾರಿ ಹೇಳಿದ್ದರು. ಸಂಗತಿ ಸುಳ್ಳಲ್ಲ. ಆ ಕ್ಯಾಮರಾದ ಒಳಗೆ ವಿದ್ಯುತ್ ಹರಿಯುವ ಸಣ್ಣ ತುದಿಗಳಿಗೆ ಚಿನ್ನದ ಲೇಪ ಉಂಟು. ಆದರೆ ಎಲ್ಲ ಸೇರಿಸಿದರೂ ಮೂಗುಬೊಟ್ಟಿನ ತಿರುಪಿಗೂ ಸಾಲದು. ಅಜ್ಜಿಗೆ ಪ್ರಮಾಣ ಮುಖ್ಯವಲ್ಲ, ಜಾತಿ ಮುಖ್ಯ. ಚಿನ್ನ ಎಂದ ಮೇಲೆ ಅದಕ್ಕೆ ಅಟ್ಟದಲ್ಲಿ ಜಾಗ ಸಿಕ್ಕಿತು. ಮೂವತ್ತು ಮಳೆಗಾಲ ಕಳೆದು ನಾನು ಅದನ್ನು ಕೆಳಗಿಳಿಸಿದಾಗ ಚರ್ಮದ ಚೀಲ ಹೊಗೆ ಹಿಡಿದು ಕಾದ ಮಾಂಬಳದ ಬಣ್ಣಕ್ಕೆ ತಿರುಗಿತ್ತು. ಒರೆಸಿ ನೋಡಿದರೆ ಲೆನ್ಸಿನೊಳಗೆ ಒಂದು ಎಳೆ ಬೂಸ್ಟು ಇಲ್ಲ.

ದೊಡ್ಡಪ್ಪ ಬೊಂಬಾಯಿಯ ಹೋಟೆಲೊಂದರ ಗಲ್ಲಾಪೆಟ್ಟಿಗೆಯ ಮುಂದೆ ಎಂಟು ವರ್ಷ ಕೂತು, ಎಪ್ಪತ್ತರ ದಶಕದ ಕೊನೆಗೆ ಊರಿಗೆ ಬಂದವರು. ಬರುವಾಗ ತಂದದ್ದು ಒಂದು ಟ್ರಂಕು, ಒಂದು ಹೊಟ್ಟೆನೋವು, ಒಂದು ಕ್ಯಾಮರಾ. ಟ್ರಂಕನ್ನು ಅಜ್ಜಿ ತೆಗೆದುಕೊಂಡರು, ಹೊಟ್ಟೆನೋವನ್ನು ಪುತ್ತೂರಿನ ಡಾಕ್ಟರು ತೆಗೆದುಕೊಂಡರು. ಕ್ಯಾಮರಾ ಮಾತ್ರ ಅವರಿಗೇ ಉಳಿಯಿತು.

ಈ ಕ್ಯಾಮರಾಕ್ಕೆ ಒಂದರ ಮೇಲೊಂದು ಎರಡು ಕಣ್ಣು. ಮೇಲಿನದು ನೋಡುವುದು, ಕೆಳಗಿನದು ಬರೆಯುವುದು. ತೋಟದಲ್ಲಿ ಯಜಮಾನರು ಕಟ್ಟಪುಣಿ ಎಂಬ ಬದುವಿನಲ್ಲಿ ನಿಂತು ನೋಡುವುದು, ಕೆಲಸದವರು ಕೆಳಗೆ ಅಗೆಯುವುದು, ಅದೇ ಏರ್ಪಾಡು. ಜರ್ಮನಿಯ ಬ್ರೌನ್‌ಷ್ವೈಗ್ ಪಟ್ಟಣದ ಫ್ರಾಂಕೆ ಮತ್ತು ಹೈಡೆಕೆ ಎಂಬಿಬ್ಬರ ಕಂಪೆನಿ 1929ರಲ್ಲಿ ರೋಲಿಫ್ಲೆಕ್ಸ್ ಎಂದು ಮಾಡಿದ್ದನ್ನು ನೋಡಿ ಜಪಾನಿನವರು ಕಡಿಮೆ ಬೆಲೆಗೆ ಮಾಡಿದ ಕ್ಯಾಮರಾಗಳಲ್ಲಿ ಯಾಶಿಕಾ ಒಂದು. ಎಂಬತ್ತರ ದಶಕದ ತನಕ ನಮ್ಮ ದೇಶದ ಎಷ್ಟು ಮದುವೆಗಳನ್ನು ಈ ಎರಡು ಕಣ್ಣಿನ ಪೆಟ್ಟಿಗೆ ನೋಡಿದೆಯೋ, ಅಷ್ಟು ಪುರೋಹಿತರೂ ನೋಡಿರಲಿಕ್ಕಿಲ್ಲ.

ಇದನ್ನು ಕಣ್ಣಿಗೆ ಹಿಡಿಯುವುದಲ್ಲ, ಹೊಟ್ಟೆಗೆ ಹಿಡಿಯುವುದು. ಮೇಲಿನ ಮುಚ್ಚಳ ಎತ್ತಿದರೆ ನಾಲ್ಕು ಗೋಡೆಯ ಸಣ್ಣ ಬಾವಿಯ ಹಾಗೆ ಒಂದು ಗೂಡು ನಿಲ್ಲುತ್ತದೆ. ತಳದಲ್ಲಿ ಮಸುಕು ಗಾಜು. ತಲೆ ತಗ್ಗಿಸಿ ಅದರೊಳಗೆ ಇಣುಕಬೇಕು. ಎದುರು ನಿಂತವರಿಗೆ ಫೋಟೋದವರು ತಮಗೆ ನಮಸ್ಕರಿಸುತ್ತಿದ್ದಾರೆ ಎಂದೇ ಅನಿಸುತ್ತದೆ. ನಮ್ಮ ತೋಟದ ಕೆಲಸಕ್ಕೆ ಬರುತ್ತಿದ್ದ ಒಬ್ಬ ಹೆಂಗಸು ಮೊದಲ ಸಲ ನಿಂತಾಗ ಅಜ್ಜಿಯ ಹತ್ತಿರ ತುಳುವಿನಲ್ಲಿ ಕೇಳಿದಳಂತೆ, ‘ಸಣ್ಣ ಧಣಿಗಳಿಗೆ ಇನ್ನೂ ಹೊಟ್ಟೆನೋವು ಬಿಟ್ಟಿಲ್ಲವಾ ಅಮ್ಮ?’

ಗಾಜಿನಲ್ಲಿ ಚಿತ್ರ ನೇರ ಕಾಣುತ್ತದೆ, ಆದರೆ ಎಡ ಬಲ ಅದಲು ಬದಲು. ಕರು ಎಡಕ್ಕೆ ಹೋದರೆ ಗಾಜಿನೊಳಗೆ ಬಲಕ್ಕೆ ಹೋಗುತ್ತದೆ. ಅದನ್ನು ಹಿಂಬಾಲಿಸಲು ಹೋದವರು ಕರುವಿನ ವಿರುದ್ಧ ದಿಕ್ಕಿಗೆ ತಿರುಗುತ್ತಾರೆ. ಟ್ರೇಲರ್ ಕಟ್ಟಿದ ಜೀಪನ್ನು ಹಿಂದಕ್ಕೆ ತೆಗೆದವರಿಗೆ ಇದು ಬೇಗ ಅರ್ಥವಾಗುತ್ತದೆ. ದೊಡ್ಡಪ್ಪನಿಗೆ ಜೀಪು ಬರುತ್ತಿರಲಿಲ್ಲ. ಹಾಗಾಗಿ ನಮ್ಮ ಮನೆಯ ಆ ಕಾಲದ ಕರುಗಳಿಗೆಲ್ಲ ಬಾಲ ಮಾತ್ರ ಉಂಟು.

ಇನ್ನು ಹಂತಿಯ ಸಂಗತಿ. ಹಂತಿ ಎಂದರೆ ನಮ್ಮ ಕಡೆ ಊಟಕ್ಕೆ ಸಾಲಾಗಿ ಕೂರುವ ಪಂಕ್ತಿ. ಈ ಕ್ಯಾಮರಾದಲ್ಲಿ ಒಂದು ರೋಲಿಗೆ ಹನ್ನೆರಡೇ ಚಿತ್ರ. ಆರು ಸೆಂಟಿಮೀಟರ್ ಉದ್ದ, ಆರು ಸೆಂಟಿಮೀಟರ್ ಅಗಲ, ಬಾಳೆ ಎಲೆ ಕತ್ತರಿಸಿ ಹಾಸಿದ ಹಾಗೆ ಚೌಕ ಚೌಕ. ಹನ್ನೆರಡು ಎಲೆ ಹಾಕಿದ ಮೇಲೆ ಯಾರು ಕೂರಬೇಕು ಎಂಬ ಪ್ರಶ್ನೆ ಬಂದೇ ಬರುತ್ತದೆ. ಮೊದಲ ಎಲೆ ಈಸಿಚೇರಿನಲ್ಲಿ ಕೂತ ಅಜ್ಜನಿಗೆ. ಎರಡನೆಯದು ಅಜ್ಜಿಗೆ ಎಂದು ಇಟ್ಟದ್ದು, ಆದರೆ ಫೋಟೋ ತೆಗೆಸಿಕೊಂಡರೆ ಆಯುಷ್ಯ ಕಡಿಮೆಯಾಗುತ್ತದೆ ಎಂದು ಅವರು ಏಳುತ್ತಲೇ ಇದ್ದರು. ಕೊನೆಗೂ ಒಮ್ಮೆ ಕೂತರು. ಆಮೇಲೆ 31 ವರ್ಷ ಬದುಕಿದರು. ಮೂರನೆಯದು ಪಾವಿತ್ರ್ಯದ ಲೆಕ್ಕದಲ್ಲಿ ದನಕ್ಕೆ, ನಾಲ್ಕನೆಯದು ಖರ್ಚಿನ ಲೆಕ್ಕದಲ್ಲಿ ಹೊಸ ಜೀಪಿಗೆ. ಮದುಮಕ್ಕಳಿಗೆ ಎರಡು, ಅಂಗಳದಲ್ಲಿ ಹರಡಿದ ಅಡಿಕೆಗೆ ಒಂದು. ಮಕ್ಕಳಿಗೆ ಎಲೆಯೇ ಇಲ್ಲ. ಬಂದ ನೆಂಟರ ಕಾಲ ಸಂದಿಯಲ್ಲಿ ಇಣುಕಿದವರಷ್ಟೇ ಬಿದ್ದಿದ್ದೇವೆ. ನಾನು ಹತ್ತು ವರ್ಷ ಆಗುವ ತನಕ ಬೇರೆಯವರ ಫೋಟೋಗಳಲ್ಲೇ ಬೆಳೆದವನು.

ಒಂದು ರೋಲು ಮುಗಿಯಲು ತಿಂಗಳುಗಟ್ಟಲೆ ಬೇಕಾಗುತ್ತಿತ್ತು. ಒಂದೇ ರೋಲಿನಲ್ಲಿ ಅತ್ತೆಯ ಮದುವೆ, ನೆರೆ ಬಂದ ಹೊಳೆ, ಜೀಪು, ಅಜ್ಜನ ಬೊಜ್ಜ ಎಂಬ ಉತ್ತರಕ್ರಿಯೆ ಎಲ್ಲ ಸಾಲಾಗಿ ಬಂದಿರುತ್ತವೆ. ಹನ್ನೊಂದು ಆದ ಮೇಲೆ ಎಲ್ಲರಿಗೂ ಅವಸರ. ಮದುವೆಯ ಫೋಟೋ ನೋಡಬೇಕಲ್ಲ. ಹಾಗಾಗಿ ಹನ್ನೆರಡನೆಯದನ್ನು ದೊಡ್ಡಪ್ಪ ಎಲ್ಲಿಗೋ ಒಂದು ಕಡೆಗೆ ಹಿಡಿದು ‘ಮುಗಿಸಿ’, ರೋಲು ಸುತ್ತಿ, ಅಂಟಿಸಿ, ಸುಳ್ಯದ ಸ್ಟುಡಿಯೋಕ್ಕೆ ಕೊಟ್ಟು ಬರುತ್ತಿದ್ದರು. ಸ್ಟುಡಿಯೋದವರು ಒಳ್ಳೆಯವನ್ನು ಮಾತ್ರ ಪ್ರಿಂಟು ಹಾಕುತ್ತಿದ್ದರು. ಹನ್ನೆರಡನೆಯದು ಒಳ್ಳೆಯದು ಎಂದು ಯಾರೂ ಹೇಳಿದ್ದಿಲ್ಲ. ಅದರ ಸಂಗತಿ ಆಮೇಲೆ ಹೇಳುತ್ತೇನೆ.

ಈ ಫಿಲ್ಮಿಗೆ 120 ಎಂದು ಹೆಸರು. ಉದ್ದವೂ ಅಲ್ಲ, ಅಗಲವೂ ಅಲ್ಲ, ಕೊಡಕ್ ಕಂಪೆನಿಯವರು ತಮ್ಮ ಫಿಲ್ಮುಗಳಿಗೆ ಕೊಡುತ್ತಾ ಹೋದ ಕ್ರಮಸಂಖ್ಯೆ, ಅಷ್ಟೆ. 1901ರಲ್ಲಿ ಬ್ರೌನಿ ಎಂಬ ಪೆಟ್ಟಿಗೆ ಕ್ಯಾಮರಾದ ಎರಡನೇ ಮಾದರಿಗೆಂದು ಹುಟ್ಟಿದ್ದು. ಅದರ ಹಿಂದೆ ಮುಂದೆ ಹುಟ್ಟಿದ ನಂಬರುಗಳು ಒಂದೊಂದಾಗಿ ತೀರಿಹೋದವು, ಇದು ಈಗಲೂ ಅಂಗಡಿಯಲ್ಲಿ ಸಿಗುತ್ತದೆ. ಕೊಡಕ್ ಕಂಪೆನಿಯೇ 2012ರಲ್ಲಿ ದಿವಾಳಿ ಅರ್ಜಿ ಹಾಕಿತು, ಫಿಲ್ಮು ಹಾಕಲಿಲ್ಲ. ನಾವು ಸಣ್ಣ ಇರುವಾಗ ಎಲ್ಲರ ಮನೆಯಲ್ಲಿ ಕಾಣುತ್ತಿದ್ದದ್ದು ಆಗ್ಫಾ ಕ್ಲಿಕ್ 3. ಅದೂ 120ರದ್ದೇ, ಅದಕ್ಕೂ ಹನ್ನೆರಡೇ ಎಲೆ. ಬಿಸಿಲು, ಮೋಡ ಎಂದು ಎರಡು ಗುರುತು ಬಿಟ್ಟರೆ ತಿರುಗಿಸಲು ಹೆಚ್ಚೇನೂ ಇಲ್ಲ. ಜೂನ್ ನಂತರದ ಅರಂತೋಡಿಗೆ ಮೂರನೆಯ ಗುರುತೊಂದು ಬೇಕಿತ್ತು.

ಒಳಗೆ ಹಾಕಲು ನಮ್ಮದೇ ದೇಶದ ಫಿಲ್ಮೂ ಇತ್ತು. ಊಟಿಯಲ್ಲಿ ಸರಕಾರದ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಎಂಬ ಕಾರ್ಖಾನೆ 1960ರಲ್ಲಿ ಸ್ಥಾಪನೆಯಾಗಿ, 1967ರಿಂದ ಫಿಲ್ಮು ತಯಾರಿಸಿತು. ಫಿಲ್ಮಿನ ಲೇಪಕ್ಕೆ ಧೂಳಿಲ್ಲದ ತಂಪು ಗಾಳಿ, ಶುದ್ಧ ನೀರು ಬೇಕು. ಬೆಟ್ಟದ ಮೇಲೆ ಹೋದದ್ದು ಅದಕ್ಕೆ. ಫಿಲ್ಮಿಗೆ ಇಟ್ಟ ಹೆಸರು ‘ಇಂದು’. ಚಂದ್ರನ ಹೆಸರು, ಬೆಳ್ಳಿಯ ಲವಣದಿಂದ ಮಾಡುವ ಪದಾರ್ಥಕ್ಕೆ ಒಪ್ಪುವ ಹೆಸರು. ಕನ್ನಡದವರಿಗೆ ಮಾತ್ರ ಅದರಲ್ಲಿ ಇನ್ನೊಂದು ಅರ್ಥವೂ ಸಿಗುತ್ತದೆ. ‘ಇಂದು’ ಇಂದು ಇಲ್ಲ. ಕಾರ್ಖಾನೆ ಮುಚ್ಚಿ ಹೋಯಿತು.

ಬೆಳ್ಳಿಯ ಮಾತು ಬಂತಲ್ಲ, ಅದರ ಜೊತೆಗಿರುವ ಇನ್ನೊಂದನ್ನೂ ಹೇಳಬೇಕು. ಫಿಲ್ಮಿನ ಮೇಲೆ ಬೆಳ್ಳಿಯ ಲವಣವನ್ನು ಹಿಡಿದು ನಿಲ್ಲಿಸುವುದು ಜೆಲಟಿನ್. ಅದನ್ನು ತೆಗೆಯುವುದು ಪ್ರಾಣಿಗಳ ಮೂಳೆ, ಚರ್ಮದಿಂದ. ಈರುಳ್ಳಿಯೂ ದಾಟದ ನಮ್ಮ ದೇವರ ಕೋಣೆಯ ಹೊಸಿಲನ್ನು, ಸತ್ಯನಾರಾಯಣ ಪೂಜೆಯ ಫೋಟೋ ನೆಪದಲ್ಲಿ, ಜೆಲಟಿನ್ ಎಷ್ಟು ಸಲ ದಾಟಿದೆಯೋ. ಅಜ್ಜಿಗೆ ಚಿನ್ನದ ವಿಷಯ ಗೊತ್ತಿತ್ತು, ಬೆಳ್ಳಿಯ ವಿಷಯವೂ ಗೊತ್ತಿತ್ತು. ಇದೊಂದನ್ನು ದೊಡ್ಡಪ್ಪ ಬಾಯಿ ಜಾರಿಯೂ ಹೇಳಲಿಲ್ಲ.

ಕ್ಯಾಮರಾ ಕೆಳಗಿಳಿದ ವರ್ಷ ನಾನೂ ಒಂದು ರೋಲು ತರಿಸಿದೆ. ಇಂಗ್ಲೆಂಡಿನ ಇಲ್ಫರ್ಡ್ ಎಚ್‌ಪಿ5, ಸಾವಿರ ರೂಪಾಯಿಯ ಆಚೀಚೆ. ನನ್ನ ಹೆಂಡತಿ ಲೆಕ್ಕವನ್ನು ರೂಪಾಯಿಯಲ್ಲಿ ಮಾಡುವುದಿಲ್ಲ, ಅಡಿಕೆಯಲ್ಲಿ ಮಾಡುತ್ತಾಳೆ. ‘ಎರಡು ಕಿಲೋ ಚಾಲಿಗೆ ಹನ್ನೆರಡು ಫೋಟೋ. ಒಂದು ಫೋಟೋಕ್ಕೆ ಹತ್ತಿರ ಹತ್ತಿರ ನೂರೆಪ್ಪತ್ತು ಗ್ರಾಂ ಸುಲಿದ ಅಡಿಕೆ. ನೋಡಿಕೊಂಡು ತೆಗೆಯಿರಿ’ ಎಂದಳು. ಆಮೇಲೆ ಕ್ಯಾಮರಾ ಕೈಗೆತ್ತಿದಾಗಲೆಲ್ಲ ಎಡಗೈಯಲ್ಲಿ ಅಡಿಕೆ ತೂಗಿದ ಹಾಗೆ ಆಗುತ್ತಿತ್ತು.

ರೋಲು ಹಾಕುವುದು ಒಂದು ಸಣ್ಣ ಪೂಜೆ. ನೆರಳಿನಲ್ಲಿ ಕೂರಬೇಕು. ಹಿಂದಿನ ಬಾಗಿಲು ತೆರೆದು, ಖಾಲಿ ಉರುಳೆಯನ್ನು ಮೇಲಕ್ಕೆ, ತುಂಬಿದ ಉರುಳೆಯನ್ನು ಕೆಳಕ್ಕೆ ಕೂರಿಸಬೇಕು. ಫಿಲ್ಮಿನ ಬೆನ್ನಿಗೆ ಉದ್ದಕ್ಕೂ ಕಾಗದ ಉಂಟು. ಅದರ ನಾಲಗೆಯನ್ನು ಎಳೆದು ಮೇಲಿನ ಉರುಳೆಯ ಸೀಳಿಗೆ ತುರುಕಿ, ಹಿಡಿಕೆ ಮೆಲ್ಲ ತಿರುಗಿಸುತ್ತಾ ಹೋದರೆ ಕಾಗದದ ಮೇಲೆ ಒಂದು ಬಾಣದ ಗುರುತು ಬರುತ್ತದೆ. ಅದು ಕ್ಯಾಮರಾದ ಗುರುತಿಗೆ ಎದುರಾದಾಗ ನಿಲ್ಲಿಸಿ ಬಾಗಿಲು ಮುಚ್ಚಬೇಕು. ಮತ್ತೆ ತಿರುಗಿಸಿದರೆ ಒಂದು ಎಂಬಲ್ಲಿ ತಾನೇ ನಿಲ್ಲುತ್ತದೆ. ಮುಗಿದ ರೋಲಿನ ಖಾಲಿ ಉರುಳೆಯೇ ಮುಂದಿನ ರೋಲಿಗೆ ಮೇಲಿನ ಉರುಳೆ. ಹೆಪ್ಪಿಗೆ ನಿನ್ನೆಯ ಮೊಸರು ಉಳಿಸಿಕೊಂಡ ಹಾಗೆ. ಅದನ್ನು ಎಸೆದರೆ ಮಾರನೆಯ ದಿನ ಪಕ್ಕದ ಮನೆಗೆ ಲೋಟ ಹಿಡಿದುಕೊಂಡು ಹೋಗಬೇಕು. ಈ ಕಾಲದಲ್ಲಿ ಪಕ್ಕದ ಮನೆಯಲ್ಲಿ ಮೊಸರು ಸಿಗಬಹುದು, ಉರುಳೆ ಸಿಗುವುದಿಲ್ಲ.

ಬೆಳಕು ಅಳೆಯುವ ಮೀಟರು ಸತ್ತಿತ್ತು. ಅದಕ್ಕೆ ಬೇಕಾದ ಪಾದರಸದ ಬ್ಯಾಟರಿಯನ್ನು ಪರಿಸರಕ್ಕೆ ಕೆಟ್ಟದು ಎಂದು ಈಗ ಮಾಡುವುದನ್ನೇ ಬಿಟ್ಟಿದ್ದಾರೆ. ಮೀಟರಿಲ್ಲದವರಿಗೆ ಹಳೆಯದೊಂದು ಬಾಯಿಲೆಕ್ಕ ಉಂಟು. ಚೆನ್ನಾಗಿ ಬಿಸಿಲಿದ್ದರೆ ಲೆನ್ಸಿನ ಕಿಂಡಿ 16ಕ್ಕೆ ಇಡು. ಫಿಲ್ಮಿನ ಮೇಲೆ 400 ಎಂದಿದ್ದರೆ ಸೆಕೆಂಡಿನ ಸುಮಾರು ನಾನೂರರಲ್ಲಿ ಒಂದು ಪಾಲು ಬೆಳಕು ಬಿಡು. ಇದು ರಸ್ತೆಯಲ್ಲಿ ಸರಿ, ಗದ್ದೆಯಲ್ಲಿ ಸರಿ. ಅಡಿಕೆ ತೋಟದೊಳಗೆ ನಡೆಯುವುದಿಲ್ಲ. ತೋಟದ ಬಿಸಿಲು ಇಡೀ ನೋಟಲ್ಲ, ಮುರಿಸಿ ಚೆಲ್ಲಿದ ಚಿಲ್ಲರೆ. ಒಂದು ರೂಪಾಯಿ ಇಲ್ಲಿ, ಎಂಟಾಣೆ ಅಲ್ಲಿ ಎಂದು ನೆಲದಲ್ಲಿ ಬಿದ್ದಿರುತ್ತದೆ. ಹಳದಿ ಎಲೆ ರೋಗ ಬಂದ ತೋಟದಲ್ಲಿ ಮಾತ್ರ ಬೆಳಕು ಧಾರಾಳ. ಸೋಗೆ ಕಡಿಮೆಯಾದ ಹಾಗೆ ಫೋಟೋ ಚೆನ್ನಾಗಿ ಬರುತ್ತದೆ, ಫಸಲು ಬರುವುದಿಲ್ಲ. ಮೇಲಾಗಿ ಕಪ್ಪು ಬಿಳುಪಿನಲ್ಲಿ ಹಳದಿ ಎಂಬುದೇ ಇಲ್ಲವಲ್ಲ. ನನ್ನ ಫೋಟೋದಲ್ಲಿ ನಮ್ಮ ತೋಟ ನೋಡಿದ ಬೆಂಗಳೂರಿನ ಭಾವ ‘ಎಂಥ ಚಂದದ ತೋಟ ಭಾವ’ ಎಂದರು. ಸಾಲ ಕೊಡುವವರಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಫಿಲ್ಮಿಲ್ಲ.

ಆದರೆ ಆ ಫೋಟೋ ಎರಡನೆಯ ರೋಲಿನದು. ಮೊದಲನೆಯ ರೋಲಿನ ಕಥೆ ಬೇರೆ. ತೊಡಿಕಾನದ ಮಲ್ಲಿಕಾರ್ಜುನ ದೇವಸ್ಥಾನಕ್ಕೆ ಹೋಗಿ, ಹೊಳೆಯ ದೇವರ ಮೀನುಗಳಿಗೆ ಅಕ್ಕಿ ಹಾಕಿ, ಅವು ಬಾಯಿ ತೆರೆದುಕೊಂಡು ಒಂದರ ಮೇಲೊಂದು ಬೀಳುವುದನ್ನು ತೆಗೆದೆ. ಮೀನು ಬಲಕ್ಕೆ ಹೋದರೆ ನಾನು ಎಡಕ್ಕೆ ಹೋಗಿ, ಒಮ್ಮೆ ಒಂದು ಕಾಲು ಹೊಳೆಗೂ ಹೋಯಿತು. ಹಳೆಯ ಸೇತುವೆ, ಅಂಗಡಿ ಜಗಲಿಯಲ್ಲಿ ಕೂತ ಹಿರಿಯರು, ರಬ್ಬರ್ ಹಾಲು ಹೊತ್ತು ಬರುವವರು, ಹೀಗೆ ಹನ್ನೆರಡು ಎಲೆಯನ್ನೂ ಯೋಚಿಸಿ ಯೋಚಿಸಿ ಬಡಿಸಿದೆ. ತೊಳೆದು ನೋಡಿದರೆ ಹನ್ನೆರಡರಲ್ಲೂ ಒಂದೇ ವಸ್ತು. ಕ್ಯಾಮರಾ ಚೀಲದ ಚರ್ಮದ ಪಟ್ಟಿ ಕೆಳಗಿನ ಕಣ್ಣಿನ ಮುಂದೆ ಜೋತು ಬಿದ್ದಿತ್ತು. ಮೇಲಿನ ಕಣ್ಣಿಗೆ ಎಲ್ಲ ಸರಿಯಾಗಿಯೇ ಕಂಡಿತ್ತು. ಯಜಮಾನರು ಕಟ್ಟಪುಣಿಯಲ್ಲಿ ನಿಂತು ಸಂತೋಷಪಟ್ಟದ್ದೇ ಬಂತು, ಕೆಳಗೆ ಕೆಲಸವೇ ನಡೆದಿರಲಿಲ್ಲ. ಎರಡು ಕಿಲೋ ಚಾಲಿ ಹೊಳೆಗೆ ಹೋಯಿತು ಎಂದು ಮನೆಯಲ್ಲಿ ಹೇಳಲಿಲ್ಲ. ಕಾಲು ಜಾರಿದ್ದನ್ನು ಮಾತ್ರ ಹೇಳಿದೆ.

ತೊಳೆಯುವುದು ಬಚ್ಚಲುಕೋಣೆಯಲ್ಲಿ. ಸಂಜೆ ಏಳರ ಮೇಲೆ, ಬಾಗಿಲ ಸಂದಿಗೆ ಗೋಣಿ ತುರುಕಿ, ಕತ್ತಲಲ್ಲಿ ಕೈತಡಕಾಡಿ ಫಿಲ್ಮನ್ನು ಸುರುಳಿಗೆ ಸುತ್ತಿ ಡಬ್ಬಿಗೆ ಇಳಿಸಿದರೆ ಅರ್ಧ ಕೆಲಸ ಆದ ಹಾಗೆ. ಡೆವಲಪರ್ ಎಂಬ ದ್ರಾವಣ 20 ಡಿಗ್ರಿಯಲ್ಲಿರಬೇಕು, ಏಳೂವರೆ ನಿಮಿಷ ಎಂದು ಪುಸ್ತಕ ಹೇಳುತ್ತದೆ. ಪುಸ್ತಕ ಬರೆದವರು ಏಪ್ರಿಲ್‌ನಲ್ಲಿ ಸುಳ್ಯ ಸೀಮೆಗೆ ಬಂದವರಲ್ಲ. ನಮ್ಮ ನೀರು 28ರಲ್ಲಿ ಇರುತ್ತದೆ. ಬಿಸಿ ಹೆಚ್ಚಾದಷ್ಟು ಸಮಯ ಕಡಿಮೆ ಮಾಡಬೇಕು, ಐದು ನಿಮಿಷಕ್ಕಿಂತ ಕೆಳಗಿಳಿದರೆ ಚಿತ್ರ ಒಂದೇ ಸಮ ಮೂಡದೆ ಮೋಡ ಮೋಡ ಆಗುವ ಭಯ. ಹಾಗಾಗಿ ಮಣ್ಣಿನ ಮಡಕೆಯಲ್ಲಿ ರಾತ್ರಿಯಿಡೀ ಇಟ್ಟ ನೀರು, ಅದರ ಸುತ್ತ ಪ್ಲಾಸ್ಟಿಕ್ ತೊಟ್ಟೆಯಲ್ಲಿ ಐಸು. ಡಿಸೆಂಬರಿನಲ್ಲಿ ಈ ಉಪದ್ರವ ಇಲ್ಲ. ಗುಡ್ಡದಿಂದ ಪೈಪಿನಲ್ಲಿ ಇಳಿದು ಬರುವ ಒರತೆ ನೀರು ಬೆಳಿಗ್ಗೆ ತಾನೇ ತಣ್ಣಗಿರುತ್ತದೆ. ನಮ್ಮ ಮನೆಯಲ್ಲಿ ಫೋಟೋದ ಹಂಗಾಮು ಎಂದರೆ ಅಡಿಕೆ ಕೊಯ್ಲಿನ ಹಂಗಾಮೇ.

ಡೆವಲಪರ್ ಮುಗಿದ ಒಂದು ದಿನ ಕಾಫಿಯಲ್ಲಿ ತೊಳೆದೆ. ತಮಾಷೆಯಲ್ಲ. ಕೊಡಕ್ಕಿನ ತವರೂರಾದ ಅಮೆರಿಕದ ರಾಚೆಸ್ಟರಿನಲ್ಲೇ, ಅಲ್ಲಿನ ತಾಂತ್ರಿಕ ವಿದ್ಯಾಲಯದ ಸ್ಕಾಟ್ ವಿಲಿಯಮ್ಸ್ ಎಂಬ ಮೇಷ್ಟ್ರು ವಿದ್ಯಾರ್ಥಿಗಳ ಜೊತೆ 1995ರಲ್ಲಿ ಮಾಡಿ ತೋರಿಸಿದ ವಿದ್ಯೆ ಇದು. ಕಾಫಿಯೊಳಗಿನ ಆಮ್ಲವೊಂದು ಬೆಳಕು ತಾಗಿದ ಲವಣವನ್ನು ಬೆಳ್ಳಿಯಾಗಿ ಇಳಿಸುತ್ತದೆ. ಆಮೇಲಿನವರು ಪಳಗಿಸಿದ ಒಂದು ಅಳತೆ ಹೀಗೆ: ಒಂದು ಲೀಟರ್ ನೀರಿಗೆ 40 ಗ್ರಾಂ ಇನ್‌ಸ್ಟಂಟ್ ಕಾಫಿಪುಡಿ, 54 ಗ್ರಾಂ ವಾಷಿಂಗ್ ಸೋಡಾ, 16 ಗ್ರಾಂ ವಿಟಮಿನ್ ಸಿ. ಕಾಲು ಗಂಟೆ ಹಿಡಿಯುತ್ತದೆ. ಅಗ್ಗದ ಕಾಫಿಯಾದಷ್ಟು, ರೋಬಸ್ಟಾ ಹೆಚ್ಚಿದ್ದಷ್ಟು ಒಳ್ಳೆಯದಂತೆ. ಘಾಟಿ ಹತ್ತಿದರೆ ಕೊಡಗಿನ ತುಂಬ ರೋಬಸ್ಟಾವೇ ಇರುವಾಗ ನಮಗೆ ಯಾವ ಕೊರತೆ? ಆದರೆ ಮೂರೂ ಸೇರಿದಾಗ ಏಳುವ ವಾಸನೆ ಕಾಫಿಯದೂ ಅಲ್ಲ, ಸೋಪಿನದೂ ಅಲ್ಲ. ನೆನೆದ ನಾಯಿ ಒಲೆಯ ಪಕ್ಕ ಮಲಗಿದ ವಾಸನೆ. ಅಂದೇ ಮನೆಗೆ ನೆಂಟರು ಬಂದಿದ್ದರು, ಡಬ್ಬಿಯಲ್ಲಿ ಪುಡಿ ಇರಲಿಲ್ಲ. ‘ನೆಂಟರಿಗೆ ಇಲ್ಲದಿದ್ದರೂ ಫಿಲ್ಮಿಗೆ ಕಾಫಿ ಆಯಿತಲ್ಲ’ ಎಂದು ಬಚ್ಚಲ ಬಾಗಿಲ ಆಚೆಯಿಂದ ಕೇಳಿಸಿತು. ಚಿತ್ರಗಳು ಮಾತ್ರ ಚೆನ್ನಾಗಿ ಮೂಡಿದ್ದವು. ನೆಂಟರಿಗೆ ಪುನರ್ಪುಳಿ ಶರಬತ್ತು ಆಯಿತು.

ದೊಡ್ಡಪ್ಪ ತೀರಿಕೊಂಡದ್ದು ನಾನು ಕ್ಯಾಮರಾ ಇಳಿಸುವ ನಾಲ್ಕು ವರ್ಷ ಮೊದಲು. ಪತ್ರಿಕೆಗೆ ಕೊಡಬೇಕು, ಚಾವಡಿಯ ಗೋಡೆಗೆ ಹಾಕಬೇಕು, ಒಂದು ಫೋಟೋ ಹುಡುಕಿ ಎಂದರು. ಇಡೀ ಮನೆ ಹುಡುಕಿದೆವು. ಅಜ್ಜನದು ಹನ್ನೊಂದು ಉಂಟು, ಅಜ್ಜಿಯದು ಒಂದು, ಜೀಪಿನದು ಆರು. ಕರುಗಳ ಬಾಲಕ್ಕೆ ಲೆಕ್ಕ ಇಲ್ಲ. ದೊಡ್ಡಪ್ಪನದು ಒಂದೂ ಇಲ್ಲ. ಬಡಿಸುವವರು ಹಂತಿಯಲ್ಲಿ ಕೂರುವುದಿಲ್ಲವಲ್ಲ. ಕೊನೆಗೆ ಯಾವುದೋ ಗುರುತಿನ ಚೀಟಿಯಲ್ಲಿದ್ದ ಹೆಬ್ಬೆಟ್ಟಿನ ಗಾತ್ರದ ಚಿತ್ರವನ್ನು ದೊಡ್ಡದು ಮಾಡಿಸಿ ಹಾರ ಹಾಕಿದೆವು. ಗುರುತಿನ ಚೀಟಿಯ ಫೋಟೋದಲ್ಲಿ ಏನು ಸಿಕ್ಕಿದರೂ ಗುರುತು ಸಿಗುವುದಿಲ್ಲ. ಬೊಜ್ಜಕ್ಕೆ ಬಂದ ಹಿರಿಯರೊಬ್ಬರು ಅದರ ಮುಂದೆ ಕೈಮುಗಿದು, ‘ಇವರು ಯಾರು?’ ಎಂದು ಮೆಲ್ಲ ಕೇಳಿದರು.

ಇದು ಅರಂತೋಡಿನ ಒಂದು ಮನೆಯಲ್ಲಿ ಮಾತ್ರ ಆದದ್ದಲ್ಲ. 1969ರ ಜುಲೈಯಲ್ಲಿ ಚಂದ್ರನ ಮೇಲೆ ಮೊದಲು ಕಾಲಿಟ್ಟ ನೀಲ್ ಆರ್ಮ್‌ಸ್ಟ್ರಾಂಗರಿಗೂ ಇದೇ ಗತಿಯಾಗಿದೆ. ಅವರು ಒಯ್ದದ್ದು ಸ್ವೀಡನ್ನಿನ ಹ್ಯಾಸೆಲ್‌ಬ್ಲಾಡ್ ಕ್ಯಾಮರಾ. ಚಿತ್ರ ಚೌಕವೇ, ಫಿಲ್ಮು 70 ಮಿಲಿಮೀಟರ್ ಅಗಲ, ನಮ್ಮ 120ರ ದೊಡ್ಡಣ್ಣ. ಅವರೂ ಅದನ್ನು ಕಣ್ಣಿಗೆ ಹಿಡಿದವರಲ್ಲ, ದೊಡ್ಡಪ್ಪ ಹೊಟ್ಟೆಗೆ ಹಿಡಿದರೆ ಅವರು ಎದೆಯ ಮೇಲೆ. ಚಂದ್ರನ ನೆಲದಲ್ಲಿ ಓಡಾಡಿದಷ್ಟು ಹೊತ್ತು ಕ್ಯಾಮರಾ ಹೆಚ್ಚಾಗಿ ಆರ್ಮ್‌ಸ್ಟ್ರಾಂಗರ ಬಳಿಯೇ ಇತ್ತು. ಹಾಗಾಗಿ ನಾವೆಲ್ಲ ಪಠ್ಯಪುಸ್ತಕದಲ್ಲಿ ನೋಡಿದ ಚಂದ್ರಯಾತ್ರಿಕ ಎರಡನೆಯವರಾದ ಬಜ್ ಆಲ್ಡ್ರಿನ್. ಅವರ ಮುಖಗಾಜಿನಲ್ಲಿ ಸಣ್ಣಗೆ ಬಿಳಿ ಚುಕ್ಕೆಯ ಹಾಗೆ ಕಾಣುತ್ತದಲ್ಲ, ಅದು ಆರ್ಮ್‌ಸ್ಟ್ರಾಂಗ್. ಹೊರಡುವಾಗ ಭಾರ ಇಳಿಸಲೆಂದು ಫಿಲ್ಮಿನ ಪೆಟ್ಟಿಗೆ ಮಾತ್ರ ತಂದು, ಕ್ಯಾಮರಾವನ್ನು ಅಲ್ಲೇ ಬಿಟ್ಟು ಬಂದರು. ಅಲ್ಲಿ ಬೂಸ್ಟಿನ ಭಯ ಇಲ್ಲ.

ಅಮೆರಿಕದ ಷಿಕಾಗೋದಲ್ಲಿ ವಿವಿಯನ್ ಮೈಯರ್ ಎಂಬಾಕೆ ಇದ್ದಳು. ಕಂಡವರ ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕೆಲಸ. ಕೊರಳಲ್ಲಿ ಯಾವಾಗಲೂ ಎರಡು ಕಣ್ಣಿನ ರೋಲಿಫ್ಲೆಕ್ಸ್. ಲಕ್ಷ ದಾಟುವಷ್ಟು ಚಿತ್ರ ತೆಗೆದು ಯಾರಿಗೂ ತೋರಿಸಲಿಲ್ಲ. 2007ರಲ್ಲಿ ಆಕೆಯ ಪೆಟ್ಟಿಗೆಗಳು ಹರಾಜಿಗೆ ಬಂದ ಮೇಲೆಯೇ ಲೋಕಕ್ಕೆ ಗೊತ್ತಾದದ್ದು. ಆಕೆ ಮಾತ್ರ ಜಾಣೆ. ಅಂಗಡಿಯ ಕನ್ನಡಿಯಲ್ಲಿ, ಕಿಟಕಿಯ ಗಾಜಿನಲ್ಲಿ, ಹುಲ್ಲಿನ ಮೇಲೆ ಬಿದ್ದ ನೆರಳಿನಲ್ಲಿ ತನ್ನನ್ನೂ ಸೇರಿಸಿಕೊಳ್ಳುತ್ತಾ ಹೋಗಿದ್ದಾಳೆ. ಬಡಿಸುತ್ತಾ ಬಡಿಸುತ್ತಾ ಒಂದು ಹಪ್ಪಳ ಬಾಯಿಗೆ ಹಾಕಿಕೊಂಡ ಹಾಗೆ.

ಅವಳ ನೆರಳಿನ ಚಿತ್ರ ನೋಡಿದ ಮೇಲೆಯೇ ನನಗೆ ದೊಡ್ಡಪ್ಪನ ಬಿಸ್ಕತ್ತಿನ ಡಬ್ಬಿ ನೆನಪಾದದ್ದು. ಪ್ರಿಂಟು ಬಂದ ಮೇಲೆ ನೆಗೆಟಿವ್‌ಗಳನ್ನು ಅವರು ಆ ಡಬ್ಬಿಗೆ ಹಾಕುತ್ತಿದ್ದರು. ಮೂರು ಮೂರು ಚಿತ್ರದ ನಾಲ್ಕು ತುಂಡು ಸೇರಿದರೆ ಒಂದು ರೋಲು. ಡಬ್ಬಿಯೂ ಅಟ್ಟದ ಮೇಲೆಯೇ ಇತ್ತು, ಅಜ್ಜಿಯ ದಯೆ. ಮೊಬೈಲಿನ ಪರದೆಯನ್ನು ಬಿಳಿ ಮಾಡಿ, ಅದರ ಮೇಲೆ ಒಂದೊಂದೇ ತುಂಡು ಇಟ್ಟು ನೋಡಿದೆ. ಅಜ್ಜ, ದನ, ಜೀಪು, ಮದುಮಕ್ಕಳು. ನಾಲ್ಕನೆಯ ತುಂಡಿನ ಕೊನೆಗೆ ಹನ್ನೆರಡನೆಯದು. ಯಾರೂ ಪ್ರಿಂಟು ಹಾಕಿಸದ, ‘ಮುಗಿಸಲು’ ತೆಗೆದ ಚಿತ್ರ. ಹೆಚ್ಚಿನವು ಸಂಜೆಯ ಅಂಗಳ. ಸ್ಟುಡಿಯೋಕ್ಕೆ ಕೊಡುವ ಅವಸರದಲ್ಲಿ ಮನೆಯಂಗಳಕ್ಕೇ ಹಿಡಿದು ಒತ್ತಿದ್ದು. ಸೂರ್ಯ ಬೆನ್ನ ಹಿಂದೆ ಇರಬೇಕು ಎಂದು ಆ ಕಾಲದ ನಿಯಮ. ಹಾಗಾಗಿ ಹರಡಿದ ಅಡಿಕೆಯ ಮೇಲೆ, ಒಂದರಲ್ಲಿ ಅಲ್ಲ, ಒಂಬತ್ತು ರೋಲಿನಲ್ಲಿ, ಒಂದು ಉದ್ದದ ನೆರಳು. ತಲೆಯಲ್ಲಿ ಅಡಿಕೆ ಹಾಳೆಯ ಟೊಪ್ಪಿ, ಎರಡೂ ಮೊಣಕೈ ಹೊರಗೆ ಚಾಚಿ, ತಲೆ ತಗ್ಗಿಸಿ ಹೊಟ್ಟೆ ನೋಡಿಕೊಳ್ಳುವ ಭಂಗಿ. ಗುರುತಿನ ಚೀಟಿ ಬೇಡ. ಹೆಂಡತಿ ಬಗ್ಗಿ ನೋಡಿ, ‘ದೊಡ್ಡ ಮಾವ ಅಲ್ಲವಾ’ ಎಂದಳು.

ಅವುಗಳಲ್ಲಿ ಒಂದನ್ನು ದೊಡ್ಡದು ಮಾಡಿಸಿ ಚಾವಡಿಯಲ್ಲಿ, ಅಜ್ಜನ ಪಕ್ಕ ಹಾಕಿದ್ದೇನೆ. ಬಂದವರು ಅಡಿಕೆಯ ಫೋಟೋ ಯಾಕೆ ಎಂದು ಕೇಳುತ್ತಾರೆ. ಹೇಳುತ್ತೇನೆ. ಈಗ ಎಲ್ಲರ ಕೈಯಲ್ಲೂ ಮೊಬೈಲು ಉಂಟು, ಸೆಲ್ಫಿಯೂ ಉಂಟು, ಬಡಿಸುವವರೇ ಮೊದಲ ಹಂತಿಯಲ್ಲಿ ಕೂತು ಉಣ್ಣುವ ಕಾಲ ಇದು, ಈ ಕಷ್ಟ ಯಾರಿಗೂ ಇಲ್ಲ ಎಂದು ನಾನೂ ಅಂದುಕೊಂಡಿದ್ದೆ. ಮೊನ್ನೆ ಮನೆಯ ಪೂಜೆಯ ನಾನೂರು ಫೋಟೋ ನೋಡುತ್ತಾ ಹೋದರೆ ಹೆಂಡತಿ ಅದರಲ್ಲಿ ಎಲ್ಲೂ ಇಲ್ಲ. ಅವಳೇ ತೆಗೆದದ್ದು. ಯಾಶಿಕಾದಲ್ಲಿ ಹನ್ನೊಂದು ಮುಗಿದಿತ್ತು. ಅವಳನ್ನು ಕರೆದು ಅಂಗಳದಲ್ಲಿ ನಿಲ್ಲಿಸಿ, ತಲೆ ತಗ್ಗಿಸಿ ಹನ್ನೆರಡನೆಯದನ್ನು ಒತ್ತಿದೆ. ‘ನೂರೆಪ್ಪತ್ತು ಗ್ರಾಂ ಅಡಿಕೆ ಹೋಯಿತು’ ಎಂದಳು, ಆದರೆ ಸೆರಗು ಸರಿಮಾಡಿಕೊಂಡೇ ನಿಂತಿದ್ದಳು.

ನಿಮ್ಮ ಮನೆಯ ಅಟ್ಟದಲ್ಲಿ ಹಳೆಯ ನೆಗೆಟಿವ್‌ಗಳ ಡಬ್ಬಿ ಇದ್ದರೆ ಬರುವ ಮಳೆಗಾಲದ ಮೊದಲು ಒಮ್ಮೆ ಇಳಿಸಿ ನೋಡಿ. ಅಂಚು ಹಿಡಿದು ಎತ್ತಿ, ಚಿತ್ರಕ್ಕೆ ಬೆರಳು ತಾಗಿಸಬೇಡಿ, ಬಿಸಿಲಿಗೆ ಒಣಗಿಸಬೇಡಿ. ಕೊನೆಯ ಚಿತ್ರವನ್ನು ಮೊದಲು ನೋಡಿ. ಮನೆಯಲ್ಲಿ ಯಾವಾಗಲೂ ಫೋಟೋ ತೆಗೆಯುವವರು ಯಾರೋ ಒಬ್ಬರು ಇರುತ್ತಾರಲ್ಲ, ಇವತ್ತೇ ಅವರ ಕೈಯಿಂದ ಕ್ಯಾಮರಾ ತೆಗೆದುಕೊಂಡು ಅವರನ್ನು ಒಮ್ಮೆ ಅಂಗಳದಲ್ಲಿ ನಿಲ್ಲಿಸಿ.